ತಾತ್ಕಾಲಿಕವಾಗಿ ನಾಯಿ ಇಟ್ಟುಕೊಳ್ಳುವವರಿಗೆ

ಇದುವರೆಗೆ ಒಂಬತ್ತು ನಾಯಿಗಳನ್ನು ಸಾಕಿ ಬೇರೆ ಮನೆಗೆ ಕಳಿಸಿದ್ದೇನೆ. ಒಪ್ಪಿಕೊಳ್ಳುವ ಮುಂಚೆಯೇ ನಾಯಿಯನ್ನು ಒಪ್ಪಿಸುವ ಪ್ರಾಣಿ ರಕ್ಷಣಾ ತಂಡದವರನ್ನು ಕೇಳಿಬಿಡಿ: ಔಷಧಿ ಖರ್ಚು ಯಾರದು, ನಡುರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು.

ನಿಮ್ಮದೇ ನಾಯಿ ಇದ್ದರೆ ಅದರ ಲಸಿಕೆ ಬಾಕಿ ಇರಬಾರದು. ಹೊಸದು 14 ದಿನ ಬೇರೆ ಕೋಣೆಯಲ್ಲಿರಲಿ, ತಟ್ಟೆ ಹಾಸಿಗೆ ಎಲ್ಲಾ ಬೇರೆ. ನಾಯಿಗಳಿಗೆ ವಾಂತಿ ಭೇದಿ ತಂದು ಜೀವಕ್ಕೇ ಕುತ್ತಾಗುವ ಪಾರ್ವೋ ವೈರಸ್ ಚಪ್ಪಲಿಗೆ ಅಂಟಿಕೊಂಡೂ ಬರುತ್ತದೆ. ಬರೀ ಸೋಪುನೀರಿಗೆ ಜಗ್ಗುವುದಿಲ್ಲ, ಬ್ಲೀಚ್ ಬೇಕು.

ಮೊದಲ ದಿನವೇ ಮುದ್ದು ಮಾಡಲು ಹೋಗಬೇಡಿ. ನನ್ನ ಮೂರನೆಯದು, ಕಿವಿ ಹರಿದ ಕಂದು ಹೆಣ್ಣುನಾಯಿ, ಎರಡು ದಿನ ಮಂಚದ ಕೆಳಗಿಂದ ಹೊರಗೇ ಬರಲಿಲ್ಲ. ನಾನು ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಮೂರನೇ ರಾತ್ರಿ ಮೊಣಕೈಗೆ ತಣ್ಣನೆಯ ಮೂಗು ತಾಗಿತು. ತಿರುಗಿ ನೋಡಲಿಲ್ಲ. ನೋಡಿದ್ದರೆ ಮತ್ತೆ ಒಳಗೆ ನುಗ್ಗುತ್ತಿತ್ತು.

ಹೊರಗೆ ಕರೆದೊಯ್ಯುವಾಗ ಕತ್ತಿನ ಬೆಲ್ಟ್ ಒಂದನ್ನೇ ನಂಬಬೇಡಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ನುಣುಚಿಸಿಕೊಳ್ಳುತ್ತದೆ. ಎದೆಗೆ ಹಾಕುವ ಹಾರ್ನೆಸ್ ಕೂಡ ಇರಲಿ, ಎರಡಕ್ಕೂ ಹಗ್ಗ. ನಾನು ಇದನ್ನು ಕಲಿತದ್ದು ಒಂದು ಮಳೆಯ ಸಂಜೆ, ಖಾಲಿ ಬೆಲ್ಟ್ ಹಿಡಿದು ಓಡುತ್ತಾ.

ಕಳಿಸುವಾಗ ಅದು ಮಲಗಿದ್ದ ಬಟ್ಟೆಯನ್ನು ಒಗೆಯದೆ ಜೊತೆಗೆ ಕೊಡಿ.