ಒಂದು ಎಚ್‌ಪಿ ಪಂಪಿನ ಸ್ಟೇಟರ್‌ಗೆ ಹೊಸ ವೈಂಡಿಂಗ್

ಮಂಡ್ಯ ಕಡೆ ಮನೆ, ತೋಟದ ನೀರಿಗೆ ಹಾಕುವ ಒಂದು ಎಚ್‌ಪಿ ಸಿಂಗಲ್ ಫೇಸ್ ಮಾನೋಬ್ಲಾಕ್ (ಮೋಟರ್, ಪಂಪು ಒಂದೇ ದೇಹದಲ್ಲಿರುವುದು) ಸುಟ್ಟಾಗ ಸ್ಟೇಟರ್ ಕೋರ್, ಅಂದರೆ ತಂತಿ ಸುತ್ತಿದ, ತಿರುಗದ ಕಬ್ಬಿಣದ ಭಾಗ, ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅದನ್ನು ಕೆಡಿಸುವುದು ಹಳೇ ತಂತಿ ಬಿಚ್ಚುವ ಆತುರ. ಬೆಂಕಿಗಿಟ್ಟರೆ ತಂತಿ ಸಲೀಸಾಗಿ ಬರುತ್ತದೆ, ನಿಜ, ಜೊತೆಗೆ ಕೋರಿನ 0.5 ಮಿ.ಮೀ. ಸ್ಟ್ಯಾಂಪಿಂಗ್‌ಗಳ (ಉಕ್ಕಿನ ತೆಳು ಹಾಳೆಗಳ) ಮೇಲಿನ ಲೇಪವೂ ಸುಟ್ಟು, ಹಾಳೆಗಳು ಒಂದಕ್ಕೊಂದು ತಾಗಿ, ಕೋರ್ ತಾನೇ ಕಾಯತೊಡಗುತ್ತದೆ. ಒಂದು ಬದಿಯ ಕಾಯಿಲ್ ತಲೆಯನ್ನು (ಕೋರಿನಿಂದ ಹೊರಚಾಚಿದ ತಂತಿಯ ಬಾಗನ್ನು) ಉಳಿಯಿಂದ ಕೋರ್ ಸಮಕ್ಕೆ ಕತ್ತರಿಸಿ, ಇನ್ನೊಂದು ಬದಿಯಿಂದ ಎಳೆಯಿರಿ. ಬಾರದಿದ್ದರೆ ಓವನ್ನಿನಲ್ಲಿ ಬಿಸಿ ಮಾಡಿ, 350 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ.

ಕತ್ತರಿಸುವ ಮುಂಚೆಯೇ ಪಿಚ್ (ಕಾಯಿಲ್ ಯಾವ ಸ್ಲಾಟಿನಿಂದ, ಅಂದರೆ ತಂತಿ ಕೂರುವ ಸಂದಿನಿಂದ, ಯಾವ ಸ್ಲಾಟಿಗೆ ಹೋಗುತ್ತದೆ ಎಂಬುದು), ಕನೆಕ್ಷನ್ ಬರೆದುಕೊಳ್ಳಿ. 24 ಸ್ಲಾಟಿನ 2 ಪೋಲ್ (ಕಾಂತ ಧ್ರುವ) ಕೋರಿನಲ್ಲಿ ಹೆಚ್ಚಾಗಿ ಕಾಣುವ ಲೆಕ್ಕ ಹೀಗೆ: ರನ್ನಿಂಗ್ (ಸದಾ ಕೆಲಸ ಮಾಡುವ ಮುಖ್ಯ ವೈಂಡಿಂಗ್) 4–9, 3–10, 2–11, 1–12, ಎರಡನೇ ಪೋಲ್ 16–21ರಿಂದ 13–24ರವರೆಗೆ. ಸ್ಟಾರ್ಟಿಂಗ್ (ಮೋಟರನ್ನು ಹೊರಡಿಸುವ ವೈಂಡಿಂಗ್) 8–17, 7–18 ಮತ್ತು 20–5, 19–6. ಹಳೆಯದು ಬೇರೆ ಇದ್ದರೆ ಹಳೆಯದೇ ಸರಿ. ಒಂದೇ ಪೋಲಿನ ಕಾಯಿಲ್‌ಗಳಲ್ಲೂ ಸುತ್ತು ಬೇರೆ ಬೇರೆ ಇರುತ್ತದೆ, ಪ್ರತಿಯೊಂದನ್ನೂ ಎಣಿಸಿ. ಗೇಜ್ (ತಂತಿಯ ದಪ್ಪದ ನಂಬರು, SWG) ಅಳೆಯುವಾಗ ಎನಾಮೆಲ್ (ತಂತಿಯ ಮೇಲಿನ ನಿರೋಧಕ ಲೇಪ) ತೆಗೆದಿರಬೇಕು: 22 ಗೇಜ್ ಎಂದರೆ ಬರಿಯ ತಾಮ್ರ 0.71 ಮಿ.ಮೀ. ಅದು ಸಿಗದಿದ್ದರೆ 25 ಗೇಜಿನ ಎರಡೆಳೆ ಸುತ್ತಬಹುದು.

‘ವೋಲ್ಟೇಜ್ ಕಮ್ಮಿ ಬರುತ್ತೆ, ನಾಲ್ಕು ಸುತ್ತು ಕಮ್ಮಿ ಮಾಡಿ’ ಅನ್ನುವವರಿದ್ದಾರೆ. 230ರ ಬದಲು 200 ವೋಲ್ಟ್ ಬಂದರೆ ಟಾರ್ಕ್ (ತಿರುಗಿಸುವ ಬಲ) ಮುಕ್ಕಾಲಿಗೆ ಇಳಿಯುತ್ತದೆ, ಅವರ ತೊಂದರೆ ಸುಳ್ಳಲ್ಲ. ಆದರೆ ಸುತ್ತು ಕಮ್ಮಿಯಾದ ಮೋಟರ್‌ಗೆ ರಾತ್ರಿ ವೋಲ್ಟೇಜ್ ಏರಿತೆಂದರೆ ಕೋರ್ ಸ್ಯಾಚುರೇಟ್ ಆಗಿ (ಇನ್ನಷ್ಟು ಕಾಂತತ್ವ ಹಿಡಿಯಲಾರದೆ) ಆಂಪಿಯರ್ ವಿಪರೀತ ಏರುತ್ತದೆ. ದಾರಿಯಲ್ಲಿ ವೋಲ್ಟೇಜ್ ಇಳಿಯದಂತೆ ಮೊದಲು ಕೇಬಲ್ ದಪ್ಪ ಮಾಡಿಸಲಿ.

ಸ್ಲಾಟ್ ಪೇಪರ್ (ತಂತಿಗೂ ಕೋರಿಗೂ ನಡುವಿನ ನಿರೋಧಕ ಕಾಗದ) ಎರಡೂ ತುದಿಯಲ್ಲಿ ಹೊರಚಾಚಿ ಮಡಚಿರಬೇಕು. ಅರ್ತ್ ಆಗುವುದು (ತಂತಿಯ ಕರೆಂಟ್ ಕೋರಿಗೆ ಸೋರುವುದು) ಬಹುಪಾಲು ಆ ಮೂಲೆಯಲ್ಲೇ. ಚಿಕ್ಕ ಕಾಯಿಲಿನಿಂದ ಶುರುಮಾಡಿ ರನ್ನಿಂಗ್ ತುಂಬಿ, ಮಧ್ಯೆ ಪೇಪರ್ ಕೊಟ್ಟು, ಆಮೇಲೆ ಸ್ಟಾರ್ಟಿಂಗ್. ತಂತಿ ಒಳಗೆ ತಳ್ಳಲು ಬಿದಿರು ಅಥವಾ ಫೈಬರ್ ಪಟ್ಟಿ ಬಳಸಿ, ಸ್ಕ್ರೂಡ್ರೈವರ್ ತಗಲಿದ ಕಡೆ ಎನಾಮೆಲ್ ಏಳುತ್ತದೆ. ಒಂದೇ ದಿಕ್ಕಿನಲ್ಲಿ ಸುತ್ತಿದ ಎರಡು ಪೋಲ್‌ಗಳನ್ನು ಒಂದರ ಕೊನೆಯ ತುದಿಗೆ ಇನ್ನೊಂದರ ಕೊನೆಯ ತುದಿ ಬರುವಂತೆ ಸೇರಿಸಿ. ತಪ್ಪಿದರೆ ಮೋಟರ್ ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಸಣ್ಣ ಡಿಸಿ ಕೊಟ್ಟು ದಿಕ್ಸೂಚಿ ಹಿಡಿದರೆ ಎರಡು ಪೋಲ್‌ಗಳಲ್ಲಿ ಮುಳ್ಳು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗಿ ನಿಲ್ಲಬೇಕು.

ವಾರ್ನಿಷ್‌ಗೆ ಮೊದಲೇ 500 ವೋಲ್ಟ್ ಮೆಗ್ಗರ್ (ತಂತಿಯ ನಿರೋಧಕ ಲೇಪ, ಪೇಪರ್ ಸರಿಯಿದೆಯೇ ಎಂದು ಅಳೆಯುವ ಉಪಕರಣ) ಹಾಕಿ. ದೋಷ ಸಿಕ್ಕರೆ ಆಗಿನ್ನೂ ಬಿಚ್ಚಬಹುದು. ಸ್ಟೇಟರನ್ನು 100 ಡಿಗ್ರಿಯಲ್ಲಿ ಕಾಯಿಸಿ ತೇವ ಕಳೆದು, ಸ್ವಲ್ಪ ಆರಿಸಿ, ಗುಳ್ಳೆ ನಿಲ್ಲುವವರೆಗೆ ವಾರ್ನಿಷ್‌ನಲ್ಲಿ ಅದ್ದಿ. ಸೋರಿದ ಮೇಲೆ ಡಬ್ಬಿಯಲ್ಲಿ ಬರೆದಷ್ಟು ಹೊತ್ತು ಓವನ್ನಿನಲ್ಲಿಡಿ. ಬಿಸಿಲಲ್ಲಿ ಒಣಗಿಸಿದ್ದು ಮೇಲೆ ಗಟ್ಟಿ ಕಂಡರೂ ಸ್ಲಾಟಿನೊಳಗೆ ಹಸಿಯಾಗಿಯೇ ಉಳಿದು, ತಂತಿ ಅಲುಗಾಡಿ ಸವೆಯುತ್ತದೆ.