ಸುಸ್ಥಿರತೆಯ ಪಾಠಕ್ಕೊಂದು ಡಿಜಿಟಲ್ ಕೋರ್ಸ್: ಸಿದ್ಧಪಡಿಸುವುದು ಹೇಗೆ?

ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಮೊದಲ ಸ್ಲೈಡಿನಲ್ಲೇ ಸಾಲಾಗಿ ಜೋಡಿಸುವ ಆಸೆ ಕೋರ್ಸ್ ಬರೆಯುವವರಿಗೆ ಸಹಜ. ಕೊಡಗಿನ ಪ್ರೌಢಶಾಲೆಯ ಮಕ್ಕಳಿಗಾದರೆ ಅವನ್ನು ಕೊನೆಯ ಪಾಠಕ್ಕೆ ಉಳಿಸಿಕೊಳ್ಳುವುದೇ ಮೇಲು.

ಕೋರ್ಸ್ ಮುಗಿದಾಗ ವಿದ್ಯಾರ್ಥಿ ಏನು ಮಾಡಿ ತೋರಿಸಬೇಕು ಎಂಬುದನ್ನು ಮೊದಲು ಬರೆದುಕೊಳ್ಳಿ. ‘ನೀರಿನ ಮಹತ್ವ ಅರಿಯುವರು’ ಎಂಬ ಗುರಿಯನ್ನು ಅಳೆಯಲಾಗದು; ‘ಮನೆಯ ಮಾಡಿನ ಮೇಲೆ ಬಿದ್ದ ಮಳೆನೀರೆಷ್ಟೆಂದು ಲೆಕ್ಕ ಹಾಕುವರು’ ಎಂದು ಬರೆದರೆ ಪಾಠ, ಅಭ್ಯಾಸ, ಪರೀಕ್ಷೆ ಮೂರಕ್ಕೂ ದಾರಿ ಸಿಗುತ್ತದೆ.

ಎರಡನೆಯದು ಸಾಮಗ್ರಿ. ಇಲ್ಲಿನ ಅನೇಕ ಕಾಫಿ ಬೆಳೆಗಾರರು ಮಳೆಮಾಪಕವಿಟ್ಟು ದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಭಾಗ) ಬರೆದಿಡುವುದರಿಂದ, ಅನುಮತಿ ಪಡೆದು ಅಂತಹ ಒಂದು ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿಕೊಂಡರೆ, ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಯಾವ ವರ್ಷ ತಡವಾಯಿತು ಎಂಬುದನ್ನು ಮಕ್ಕಳೇ ಹುಡುಕಬಲ್ಲರು. ಒಂದು ಇಂಚೆಂದರೆ 25.4 ಮಿಲಿಮೀಟರ್, ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹಾಗಾಗಿ 100 ಚದರ ಮೀಟರ್ ಮಾಡಿಗೆ ಒಂದು ಇಂಚು ಮಳೆಯಿಂದ 2,540 ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಎಷ್ಟು ಇಂಗಿತು, ಎಷ್ಟು ತೋಡು ಸೇರಿ ಕಾವೇರಿಯತ್ತ ಹರಿಯಿತು ಎಂಬ ಪ್ರಶ್ನೆಯಿಂದ ಮುಂದಿನ ಪಾಠ ಆರಂಭವಾಗಲಿ. ದೇವರಕಾಡಿನ ಮರಗಳನ್ನೂ ತೋಟದ ನೆರಳು ಮರಗಳನ್ನೂ ಪಟ್ಟಿ ಮಾಡಿ, ಸಿಲ್ವರ್ ಓಕ್ ಹೆಚ್ಚಿದಲ್ಲಿ ಯಾವ ಕಾಡುಮರ ಕಡಿಮೆಯಾಗಿದೆ ಎಂದು ಹೋಲಿಸುವ ಪಾಠವನ್ನೂ ಹೀಗೆಯೇ ಕಟ್ಟಬಹುದು.

2018ರ ಆಗಸ್ಟ್ ತಿಂಗಳ ಭೂಕುಸಿತವನ್ನು ಬಿಟ್ಟು ಇಲ್ಲಿ ಈ ವಿಷಯ ಕಲಿಸಲಾಗದು. ಆದರೆ ತರಗತಿಯಲ್ಲಿ ಮನೆ ಕಳೆದುಕೊಂಡ ಕುಟುಂಬದ ಮಗುವೂ ಇರಬಹುದಾದ್ದರಿಂದ ಕುಸಿದ ಮನೆಗಳ ವಿಡಿಯೊ ಬೇಡ. ಮಳೆಯ ಪ್ರಮಾಣ, ಗುಡ್ಡದ ಇಳಿಜಾರು, ಭೂಬಳಕೆಯ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು, ಕಾರಣಗಳನ್ನು ಮಕ್ಕಳೇ ವಿಚಾರಿಸಲಿ.

ತಂತ್ರಾಂಶದ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆನ್‌ಲೈನ್ ಕೋರ್ಸ್ ನಡೆಸುವ ತಂತ್ರಾಂಶವಾದ ಮೂಡಲ್ ಉಚಿತ, ಅದರ ಆ್ಯಪ್‌ನಲ್ಲಿ ಪಾಠಗಳನ್ನು ಮೊದಲೇ ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದಾಗಲೂ ಓದಬಹುದು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ಊರುಗಳಿಗೆ ಇದು ಸೌಕರ್ಯವಲ್ಲ, ಅಗತ್ಯ. ಜೂನ್‌ಗೆ ಮುನ್ನವೇ ಎಲ್ಲವೂ ಫೋನಿಗೆ ಇಳಿದಿರಬೇಕು. ದೀರ್ಘ ವಿಡಿಯೊಗಿಂತ ಚಿತ್ರಗಳ ಜೊತೆ ಧ್ವನಿ ಹಗುರ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹೋಮ್‌ವರ್ಕ್ ಕಡಿಮೆಯಿರಲಿ.

ಮೌಲ್ಯಮಾಪನಕ್ಕೆ ಬಹು ಆಯ್ಕೆಯ ಪ್ರಶ್ನೆಗಳಷ್ಟೇ ಸಾಲವು. ಲೆಕ್ಕದ ಪುಟದ ಫೋಟೊ ಮತ್ತು ಎರಡು ನಿಮಿಷದ ಧ್ವನಿ ವಿವರಣೆ ಕೇಳಿ. ವಿವರಣೆ ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆಗಳಲ್ಲಿದ್ದರೂ ಸ್ವೀಕರಿಸಿ, ಆ ಭಾಷೆ ಬಲ್ಲ ಶಿಕ್ಷಕರಿಂದ ಅಂಕ ಕೊಡಿಸಿ. ಎಲ್ಲರಿಗೂ ಕೊಡುವ ಮೊದಲು ನಾಲ್ಕೈದು ಮಕ್ಕಳ ಕೈಗೆ, ಮನೆಯಲ್ಲಿರುವ ಅತಿ ಅಗ್ಗದ ಫೋನಿನಲ್ಲೇ, ಕೋರ್ಸ್ ಕೊಟ್ಟು ಪಕ್ಕದಲ್ಲಿ ಕುಳಿತು ನೋಡಿ. ಅವರು ತಡವರಿಸಿದ ಪುಟದಲ್ಲಿ ಸೂಚನೆಯನ್ನು ಉದ್ದ ಮಾಡದೆ, ಪುಟವನ್ನೇ ಎರಡಾಗಿ ಒಡೆಯಿರಿ.