ಮಧುಗಿರಿ ಬೆಟ್ಟವನ್ನು ಸೆಜಾನ್ ಥರ ಬಿಡಿಸುವುದು ಹೇಗೆ?

ಮೊದಲು ಒಂದೇ ಬೆಟ್ಟ ಆರಿಸಿಕೊಳ್ಳಿ. ಇವತ್ತು ದೇವರಾಯನದುರ್ಗ, ನಾಳೆ ಸಿದ್ಧರಬೆಟ್ಟ ಅಂತ ಸುತ್ತಿದರೆ ಮೊಬೈಲಿನಲ್ಲಿ ಫೋಟೊ ಜಾಸ್ತಿಯಾಗುತ್ತವೆ, ಕಣ್ಣು ಪಳಗುವುದಿಲ್ಲ. ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನ್ (1839–1906) ತನ್ನೂರು ಎಕ್ಸ್-ಆನ್-ಪ್ರೊವಾನ್ಸ್ ಹತ್ತಿರದ ಸೇಂತ್ ವಿಕ್ತ್ವಾರ್ ಬೆಟ್ಟವನ್ನು ಎಣ್ಣೆಬಣ್ಣದಲ್ಲೇ 30ಕ್ಕೂ ಹೆಚ್ಚು ಸಲ ಬಿಡಿಸಿದ, ಜಲವರ್ಣದಲ್ಲಿ ಮಾಡಿದ್ದು ಬೇರೆ. ಮುಂದೆ ಪಿಕಾಸೊ, ಬ್ರಾಕ್ ಎಂಬ ಚಿತ್ರಕಾರರು ಕ್ಯೂಬಿಸಂ ಕಡೆ, ಅಂದರೆ ವಸ್ತುಗಳನ್ನು ಕೋನ-ಚಪ್ಪಟೆ ತುಣುಕುಗಳಾಗಿ ಒಡೆದು ಬಿಡಿಸುವ ಶೈಲಿಯ ಕಡೆ ಹೊರಟಿದ್ದು ಈತನ ಕೆಲಸ ನೋಡಿಯೇ. ನಮ್ಮ ತುಮಕೂರು ಜಿಲ್ಲೆಯವರಿಗೆ ಮಧುಗಿರಿಯ ಏಕಶಿಲೆ ಇದೆಯಲ್ಲ, ಇನ್ನೇನು ಬೇಕು!

ಬೆಟ್ಟ ಹತ್ತಬೇಡಿ. ಊರಾಚೆ ಹೊಲದ ಬದುವಿನ ಮೇಲೆ, ಬುಡದಿಂದ ತುದಿವರೆಗೂ ಪೂರ್ತಿ ಕಾಣುವ ಕಡೆ ಕೂರಿ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ, ಒಂದು ಚಪ್ಪಟೆ ಬ್ರಷ್, ಆರೇಳು ಜಲವರ್ಣ, ಒಂದು ಬಾಟಲಿ ನೀರು ಸಾಕು. ಪೆನ್ಸಿಲ್‌ನಲ್ಲಿ ನಾಲ್ಕು ಗೆರೆ ಹಾಕಿ ನಿಲ್ಲಿಸಿ.

ಈಗ ಮುಖ್ಯವಾದದ್ದು. ಬಂಡೆ ಅಂದರೆ ಬೂದು ಅಂತ ಬೂದು ಬಣ್ಣ ಬಳಿಯಬೇಡಿ. ಬೆಳಗಿನ ಬಿಸಿಲು ಬಿದ್ದ ಕಡೆ ನೋಡಿ, ಹಳದಿ ಮಣ್ಣಿನ ಬಣ್ಣವಿದೆ, ಸ್ವಲ್ಪ ಕಿತ್ತಳೆ ಕೂಡ. ಕೋಟೆ ಗೋಡೆಯ ಕೆಳಗಿನ ನೆರಳಲ್ಲಿ ನೀಲಿ, ನೇರಳೆ. ಮಳೆನೀರು ಇಳಿದು ಇಳಿದು ಕಪ್ಪಾದ ಪಟ್ಟೆಗಳನ್ನೂ ಕಪ್ಪಿನಿಂದ ಎಳೆಯದೆ ಗಾಢ ನೀಲಿಗೆ ಒಂದಿಷ್ಟು ಕಂದು ಬೆರೆಸಿ ಹಾಕಿ. ಉಗುರಗಲದ ತೇಪೆಗಳನ್ನು ಒಂದರ ಪಕ್ಕ ಒಂದು ಇಡುತ್ತಾ, ಬಂಡೆ ಯಾವ ಕಡೆ ಇಳಿಜಾರಾಗಿದೆಯೋ ಆ ಕಡೆಗೇ ಬ್ರಷ್ ಎಳೆಯುತ್ತಾ ಹೋಗಿ. ಒಂದು ಪದರ ಒಣಗಿದ ಮೇಲಷ್ಟೇ ಇನ್ನೊಂದು, ಇಲ್ಲದಿದ್ದರೆ ಎಲ್ಲ ಕಲಸಿ ಕೆಸರಾಗುತ್ತದೆ. ಹಳದಿ, ಕಿತ್ತಳೆಯಂಥ ಬಿಸಿ ಬಣ್ಣಗಳು ಕಣ್ಣಿಗೆ ಮುಂದೆ ಬಂದಂತೆ ಕಾಣುತ್ತವೆ, ನೀಲಿ, ನೇರಳೆಯಂಥ ತಣ್ಣನೆಯವು ಹಿಂದೆ ಸರಿದಂತೆ ಕಾಣುತ್ತವೆ, ಹಾಗಾಗಿ ಬೆಟ್ಟದ ಉಬ್ಬು ತಾನಾಗಿಯೇ ಏಳುತ್ತದೆ. ನನಗೆ ಸೆಜಾನ್ ಇಷ್ಟವಾಗುವುದೇ ಇದಕ್ಕೆ.

ಬೆಟ್ಟದ ಅಂಚಿಗೆ ಸುತ್ತಲೂ ಗೆರೆ ಬೇಡ. ಬೆಟ್ಟದ ನೀಲಿ ಆಕಾಶದ ನೀಲಿಗೆ ಸೇರುವ ಕಡೆ ಸೇರಲಿ ಬಿಡಿ. ಯಾವ ಬಣ್ಣ ಅಂತ ಗೊತ್ತಾಗದ ಜಾಗ ಖಾಲಿ ಇರಲಿ, ಸೆಜಾನ್ ಕೂಡ ಎಷ್ಟೋ ಚಿತ್ರಗಳಲ್ಲಿ ಕಾಗದವನ್ನು, ಕ್ಯಾನ್ವಾಸನ್ನು ಹಾಗೇ ಬಿಟ್ಟಿದ್ದಾನೆ.

ಮೋಡ ಕಟ್ಟಿದರೆ ಮಾತ್ರ ಎದ್ದುಬಿಡಿ. 1906ರ ಅಕ್ಟೋಬರ್‌ನಲ್ಲಿ ಸೆಜಾನ್ ಬಯಲಲ್ಲಿ ಚಿತ್ರ ಬಿಡಿಸುತ್ತಾ ಮಳೆಗೆ ಸಿಕ್ಕಿ ಕುಸಿದುಬಿದ್ದ, ಕೆಲವೇ ದಿನಗಳಲ್ಲಿ ತೀರಿಕೊಂಡ.

ಮುಂದಿನ ಸಲ ಅದೇ ಬದುವಿಗೆ ಹೋಗಿ, ಎರಡು ಹೆಜ್ಜೆ ಎಡಕ್ಕೆ ಸರಿದು ಕೂತು ಹೊಸ ಹಾಳೆ ತೆಗೆಯಿರಿ.